ನಾನು ಅಳಿಸಿದ ಅಲೆಗಳು

ನಮ್ಮ ಕೆಲಸದ ಮೊದಲ ವೈರಿ ಕೊಬ್ಬರಿ ಎಣ್ಣೆ. ಇದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಇಇಜಿ ಎಂದರೆ ತಲೆಯ ಮೇಲೆ ಇಪ್ಪತ್ತೊಂದು ಕಡೆ ಪುಟ್ಟ ಲೋಹದ ಬಟ್ಟಲುಗಳನ್ನು ಅಂಟಿಸಿ, ಮಿದುಳಿನ ವಿದ್ಯುತ್ತಿನ ಏರಿಳಿತವನ್ನು ಅಲೆಗಳಾಗಿ ದಾಖಲಿಸುವ ಪರೀಕ್ಷೆ. ಅಂಟಬೇಕಾದರೆ ನೆತ್ತಿ ಒಣಗಿರಬೇಕು. ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬನ್ನಿ ಎಂದು ಚೀಟಿಯಲ್ಲಿ ಬರೆದು ಕೊಟ್ಟರೂ, ದೊಡ್ಡ ದವಾಖಾನೆಗೆ ಹೋಗುವುದಲ್ಲವೇ ಎಂದು ನಮ್ಮ ಜನ ಬೋಳು ತಲೆಗೂ ಎಣ್ಣೆ ಸವರಿಕೊಂಡು ಬರುತ್ತಿದ್ದರು. ಇಡೀ ನೌಕರಿಯಲ್ಲಿ ನಾನು ಅಲೆ ನೋಡಿದ್ದಕ್ಕಿಂತ ಎಣ್ಣೆ ಒರೆಸಿದ್ದೇ ಹೆಚ್ಚು.

ಎರಡನೆಯ ವೈರಿ ಬೆವರು. ಕಲಬುರಗಿಯ ಮೇ ತಿಂಗಳಲ್ಲಿ ಕೂಲರ್ ಹಚ್ಚಿದರೆ ಅದರ ಮೋಟಾರಿನ ಗದ್ದಲವೆಲ್ಲ ದಾಖಲೆಯಲ್ಲಿ ಬರುತ್ತದೆ. ಆರಿಸಿದರೆ ರೋಗಿ ಬೆವರಿ ಗೆರೆಗಳು ಉಯ್ಯಾಲೆಯಂತೆ ತೂಗುತ್ತವೆ. ಹತ್ತು ನಿಮಿಷ ಹಚ್ಚು, ಹತ್ತು ನಿಮಿಷ ಆರಿಸು. ನನ್ನ ಅರ್ಧ ಆಯುಷ್ಯ ಆ ಒಂದು ಸ್ವಿಚ್ಚಿನ ಹತ್ತಿರ ಕಳೆದಿದೆ.

ಅವ್ವ ಮಾತ್ರ ಜೇವರ್ಗಿ ಕಾಲೋನಿಯ ತುಂಬ "ನಮ್ಮ ಸುವರ್ಣಾ ಮಂದಿ ತಲಿಗಿ ಕರೆಂಟ್ ಕೊಡ್ತಾಳ" ಎಂದು ಹೇಳಿಕೊಂಡು ಬಂದಿದ್ದಳು. ಕೊಡುವುದಿಲ್ಲ, ಅಲ್ಲಿರುವುದನ್ನು ನೋಡುತ್ತೇನಷ್ಟೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಇದರಿಂದ ಒಂದು ಲಾಭವೂ ಆಯಿತು. ನೆರೆಹೊರೆಯವರು ಯಾರೂ ನನ್ನ ಸಂಗಡ ಜಗಳಕ್ಕೆ ಬರುತ್ತಿರಲಿಲ್ಲ.

ನಿವೃತ್ತಳಾಗಿ ಎರಡು ವರ್ಷವಾಯಿತು. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಯಂತ್ರದ ಬಗ್ಗೆ ಕೇಳಿದರೆ ನಾನು ಹೇಳುವುದೇನೂ ಇಲ್ಲ, ಯಂತ್ರದ ಕಂಪನಿಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಗೊತ್ತಿರುವುದು ನನ್ನ ತಪ್ಪುಗಳು. ಅವುಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ. ಒಂದು ನಗಿಸುವಂಥದು. ಇನ್ನೊಂದರಿಂದ ಒಬ್ಬ ಹುಡುಗಿಯ ಜೀವ ಹೋಗುವುದರಲ್ಲಿತ್ತು. ವಿಚಿತ್ರವೆಂದರೆ ಮೊದಲನೆಯದರಿಂದ ಕಲಿತ ಪಾಠವೇ ನನ್ನನ್ನು ಎರಡನೆಯದಕ್ಕೆ ತಳ್ಳಿತು.

ನಾನು ಸೇರಿದಾಗ ಯಂತ್ರದಲ್ಲಿ ಹದಿನಾರು ಪೆನ್ನುಗಳಿದ್ದವು. ಉದ್ದನೆಯ ಕಾಗದ ಸರಿಯುತ್ತ ಹೋದಂತೆ ಅವು ಮಸಿಯಲ್ಲಿ ಅಲೆ ಬರೆಯುತ್ತಿದ್ದವು. ಒಬ್ಬರ ದಾಖಲೆ ಮುಗಿಯುವಷ್ಟರಲ್ಲಿ ಕಾಗದದ ದೊಡ್ಡ ಕಟ್ಟು, ನನ್ನ ಸೀರೆಯ ಸೆರಗಿಗೆ ಮಸಿ. ಸೇರಿದ ಮೂರನೆಯ ವಾರ ಒಬ್ಬ ಅಜ್ಜನನ್ನು ಕರೆತಂದರು. ಮಲಗಿಸಿ ಯಂತ್ರ ಹಚ್ಚಿದ ಕೂಡಲೇ ಪೆನ್ನುಗಳು ಒಂದೇ ತಾಳದಲ್ಲಿ ಕುಣಿಯತೊಡಗಿದವು. ಅಪಸ್ಮಾರವೇ ಬಂದಿದೆ ಎಂದು ನಾನು ಹೆದರಿ, ವರಾಂಡದುದ್ದಕ್ಕೂ ಓಡಿಹೋಗಿ ಡಾಕ್ಟರ್ ಯೂನುಸ್ ಅವರನ್ನು ಊಟದ ಡಬ್ಬಿಯ ಮುಂದಿನಿಂದ ಎಬ್ಬಿಸಿ ಕರೆತಂದೆ.

ಯೂನುಸ್ ಸಾಹೇಬರು ನಮ್ಮ ನರರೋಗ ವಿಭಾಗದ ಮುಖ್ಯಸ್ಥರು. ಮೋಮಿನಪುರದಲ್ಲಿ ಹುಟ್ಟಿ ಬೆಳೆದವರು. ದೊಡ್ಡ ಊರುಗಳಿಂದ ಎಷ್ಟು ಕರೆ ಬಂದರೂ ಹೋಗಲಿಲ್ಲ. ಅವರು ಬಂದು ಕಾಗದದ ಕಡೆ ನೋಡಲೇ ಇಲ್ಲ. ಅಜ್ಜನ ಗದ್ದ ಹಿಡಿದು ಬಾಯಿ ತೆರೆಸಿದರು. ಒಳಗೆ ಎಲೆ, ಅಡಿಕೆ, ಸುಣ್ಣ. ಅಜ್ಜ ಆರಾಮವಾಗಿ ಮೆಲ್ಲುತ್ತಿದ್ದ. ದವಡೆಯ ಸ್ನಾಯು ಆಡಿದಾಗಲೆಲ್ಲ ಹದಿನಾರು ಪೆನ್ನೂ ಆಡುತ್ತಿದ್ದವು.

"ಸುವರ್ಣಾಬಾಯಿ, ಮೊದ್ಲು ಮುಖ ನೋಡ್ರಿ, ಆಮ್ಯಾಲ ಕಾಗದ ನೋಡ್ರಿ" ಎಂದರು. ಬೈಯಲಿಲ್ಲ. ಹೋಗಿ ಊಟ ಮುಂದುವರಿಸಿದರು. ಆದರೆ ಆಸ್ಪತ್ರೆಯ ತುಂಬ ನನಗೆ ಒಂದು ವರ್ಷ "ಎಲೆ-ಅಡಿಕೆ ಮೇಡಂ" ಎಂಬ ಹೆಸರು ಉಳಿಯಿತು.

ಅಂದಿನಿಂದ ರೋಗಿಯ ಬಾಯಿ, ಕಣ್ಣು, ಹುಬ್ಬು ನೋಡದೆ ನಾನು ಯಾವ ಗೆರೆಯನ್ನೂ ನಂಬಲಿಲ್ಲ. ಬಾಯಿ ಆಡಿದರೆ ಬರುವ ಸಣ್ಣ ಚೂಪು ಅಲೆಗಳು ಕಸ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಯೂನುಸ್ ಸಾಹೇಬರಲ್ಲಿ ಒಂದು ಗುಣವಿತ್ತು. ಊಟದ ಹೊತ್ತಿಗೆ ಅಂದು ಬಂದ ರೋಗಿಯ ಬಗ್ಗೆ ನಮಗೆಲ್ಲ ಹೇಳುತ್ತಿದ್ದರು. ನರ್ಸ್, ಕಸ ಗುಡಿಸುವವಳು, ನಾನು, ಯಾರಿದ್ದರೆ ಅವರಿಗೆ. ಎನ್‌ಎಂಡಿಎ ಗ್ರಾಹಕ ಎಂಬ ಹೆಸರು ನಾನು ಮೊದಲು ಕೇಳಿದ್ದು ಹಾಗೆ, ನಂದೂರಿನ ಬೇಳೆ ಮಿಲ್ಲಿನ ಮೈಲಾರಿ ಎಂಬವನು ಬಂದ ದಿನ.

ಮೈಲಾರಿಯ ತೋಳು ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಮುರಿದಿತ್ತು. ಮೂಳೆ ಕೂಡಿಸುವಾಗ ನೋವಾಗದಿರಲೆಂದು ಕೆಟಮಿನ್ ಎಂಬ ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾದ ಮೇಲೆ ಅವನು ಹೇಳಿದ್ದನ್ನು ಕೇಳಿ ಹೆದರಿದ ಹೆಂಡತಿ, ತಲೆಯ ಪರೀಕ್ಷೆ ಆಗಲೇಬೇಕು ಎಂದು ಹಟ ಹಿಡಿದು ನಮ್ಮಲ್ಲಿಗೆ ಕರೆತಂದಳು. ನಾನು ತಂತಿ ಅಂಟಿಸುತ್ತಿರುವಾಗ ಅವನೇ ಖುಷಿಯಿಂದ ಹೇಳಿದ: "ನಾ ಛತ್ತಿನ ಮ್ಯಾಲ ಕುಂತಿದ್ದೆ ರೀ ಮೇಡಂ. ಕೆಳಗ ನನ್ನ ಕೈ ಯಾರೋ ಎಳೀಲಾಕತ್ತಿದ್ರು. ನನಗೇನ್ ಸಂಬಂಧ ಅಂತ ಸುಮ್ನ ನೋಡ್ಲಾಕತ್ತಿದ್ದೆ."

ಅವನ ಅಲೆಗಳು ನಮ್ಮೆಲ್ಲರಿಗಿಂತ ಚೆಂದವಿದ್ದವು. ಏನೂ ಆಗಿರಲಿಲ್ಲ. ಊಟಕ್ಕೆ ಕೂತಾಗ ಸಾಹೇಬರು ವಿವರಿಸಿದರು. ಮಿದುಳಿನ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುವುದು ಗ್ಲುಟಮೇಟ್ ಎಂಬ ರಾಸಾಯನಿಕದ ಮೂಲಕ. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳಿಗೇ ಗ್ರಾಹಕ ಎನ್ನುತ್ತಾರೆ, ಅವು ಹಲವು ಬಗೆಯವು. ಅವುಗಳಲ್ಲಿ ಒಂದು ಬಗೆ ಈ ಎನ್‌ಎಂಡಿಎ. ಉಳಿದವು ತಟ್ಟಿದರೆ ತೆರೆಯುತ್ತವೆ. ಇದು ಹಾಗಲ್ಲ, ಬ್ಯಾಂಕಿನ ಲಾಕರಿನಂತೆ ಎರಡು ಕೀಲಿ ಬೇಕು. ಗ್ಲುಟಮೇಟ್ ಒಂದು, ಅದರ ಜೊತೆಗೆ ಇನ್ನೊಂದು ಸಣ್ಣ ರಾಸಾಯನಿಕ. ಅಷ್ಟಾದರೂ ಬಾಗಿಲ ಸಂದಿಯಲ್ಲಿ ಮೆಗ್ನೀಷಿಯಂ ಅಗಳಿಯಾಗಿ ಕೂತಿರುತ್ತದೆ. ಒಳಗಿನ ಕೋಶವೂ ಆಗಲೇ ಎಚ್ಚೆತ್ತಿದ್ದರೆ ಮಾತ್ರ ಅಗಳಿ ಸರಿಯುತ್ತದೆ. ಹೊರಗಿನವನೂ ಒಳಗಿನವನೂ ಒಂದೇ ಹೊತ್ತಿಗೆ ಮನಸ್ಸು ಮಾಡಿದಾಗ ಬಾಗಿಲು ತೆರೆದು, ಕ್ಯಾಲ್ಸಿಯಂ ಒಳಗೆ ಬಂದು, ಆ ಇಬ್ಬರ ನಂಟು ಗಟ್ಟಿಯಾಗುತ್ತದೆ. ನಾವು ಕಲಿಯುವುದು, ನೆನಪಿಡುವುದು ಬಹುಮಟ್ಟಿಗೆ ಹೀಗೆ.

"ಕೆಟಮಿನ್ ಏನ್ ಮಾಡ್ತದ? ಆ ದರವಾಜಾದಾಗ ಹೋಗಿ ಅಡ್ಡ ನಿಂದರ್ತದ. ಬಸ್. ಶಾಣ್ಯಾ ಆದ್ಮಿ ಛತ್ತಿಗಿ ಹೋಗಿ ಕುಂದರ್ತಾನ" ಎಂದು ಸಾಹೇಬರು ನಕ್ಕರು.

ಆ ಮೇಲೆ ಪಾರ್ಶ್ವವಾಯುವಿನ ರೋಗಿ ಬಂದಾಗಲೂ ಅದೇ ದರವಾಜಾದ ಮಾತು. ರಕ್ತ ನಿಂತ ಜಾಗದಲ್ಲಿ ಗ್ಲುಟಮೇಟ್ ಚೆಲ್ಲಿಹೋಗಿ, ಬಾಗಿಲು ಹಾರು ಹೊಡೆದು ತೆರೆದೇ ಉಳಿದು, ಕ್ಯಾಲ್ಸಿಯಂ ನುಗ್ಗಿ ಕೋಶಗಳು ಸಾಯುತ್ತವೆ ಎನ್ನುತ್ತಿದ್ದರು. ಹಾಗಾದರೆ ಮುಚ್ಚುವ ಔಷಧ ಕೊಡಬಾರದೇ ಎಂದು ನಾನು ಕೇಳಿದ್ದೆ. ಬೇಕಾದಷ್ಟು ಜನ ಯತ್ನಿಸಿದ್ದಾರೆ, ಪಾರ್ಶ್ವವಾಯುವಿಗೆ ಅದು ಕೈಗೂಡಲಿಲ್ಲ ಎಂದರು. ಔಷಧ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೇಲಾಗಿ ಈ ಬಾಗಿಲನ್ನು ಪೂರ್ತಿ ಮುಚ್ಚಿ ಮಿದುಳು ಬಾಳುವುದಿಲ್ಲ. ಮರೆವಿನ ಕಾಯಿಲೆಯವರಿಗೆ ಈಗ ಕೊಡುವ ಒಂದು ಗುಳಿಗೆ ಇದೇ ಬಾಗಿಲನ್ನು ಸ್ವಲ್ಪ ಓರೆ ಮಾಡುತ್ತದಂತೆ. ನಮ್ಮ ಕಾಲೋನಿಯ ಒಬ್ಬ ನಿವೃತ್ತ ಮಾಸ್ತರರು ಅದನ್ನು ತೆಗೆದುಕೊಳ್ಳುತ್ತಾರೆ. ಕಾಯಿಲೆ ಹೋಗಿಲ್ಲ, ಆದರೆ ಕೆಲವು ದಿನ ಮಡದಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ಅಂದು ಆ ಮನೆಯಲ್ಲಿ ಸಿಹಿಗೆ ಶಿರಾ ಮಾಡುತ್ತಾರೆ.

ಪೆನ್ನಿನ ಯಂತ್ರ ಹೋಗಿ ಕಂಪ್ಯೂಟರ್ ಬಂತು. ನನ್ನಷ್ಟು ಖುಷಿ ಪಟ್ಟವರು ಯಾರೂ ಇರಲಿಲ್ಲ. ಮಸಿ ಇಲ್ಲ, ಕಟ್ಟು ಇಲ್ಲ. ಎಲ್ಲಕ್ಕಿಂತ ಮೆಚ್ಚಾದದ್ದು ಫಿಲ್ಟರ್. ಅಲೆಗಳಲ್ಲಿ ನಿಧಾನದವೂ ಇರುತ್ತವೆ, ವೇಗದವೂ ಇರುತ್ತವೆ. ಸೆಕೆಂಡಿಗೆ ಎಷ್ಟು ಅಲೆಯವರೆಗೆ ತೋರಿಸಬೇಕು ಎಂಬ ಅಂಕಿ ಎಪ್ಪತ್ತರಲ್ಲಿ ಇರುತ್ತದೆ, ಅದನ್ನು ಹದಿನೈದಕ್ಕೆ ಇಳಿಸಿದರೆ ವೇಗದ ಸಣ್ಣ ಅಲೆಗಳೆಲ್ಲ ಮಾಯ. ಬಾಯಿ ಆಡಿಸುವವರು, ಹಲ್ಲು ಕಡಿಯುವವರು, ಅಳುವ ಮಕ್ಕಳು, ಯಾರು ಬಂದರೂ ನನ್ನ ದಾಖಲೆ ತೊಳೆದಿಟ್ಟ ತಾಟಿನ ಹಾಗೆ. ಬೇರೆ ಜಿಲ್ಲೆಯ ಡಾಕ್ಟರುಗಳು ಕೂಡ ಸುವರ್ಣಾಬಾಯಿಯ ದಾಖಲೆ ಎಂದರೆ ಸ್ವಚ್ಛ ಎನ್ನುತ್ತಿದ್ದರು. ನಾನು ಅದನ್ನು ಕೇಳಿ ಉಬ್ಬುತ್ತಿದ್ದೆ.

ಹೀಗಿರುವಾಗ ಸುಜಾತಾ ಬಂದಳು.

ಇಪ್ಪತ್ತೆರಡು ವರ್ಷದ ಹುಡುಗಿ. ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಬಿ.ಎಡ್. ಓದುತ್ತಿದ್ದಳು. ಅಪ್ಪ ಲಕ್ಷ್ಮಣ ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಅವ್ವ ಶಾಂತಾಬಾಯಿ ಹೆದ್ದಾರಿಯ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವವಳು. ಮೊದಲು ನಾಲ್ಕು ದಿನ ಜ್ವರ, ತಲೆನೋವು. ಆಮೇಲೆ ನಿದ್ದೆ ಹೋಯಿತು. ಬಸ್ಸಿನಲ್ಲಿರುವವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನತೊಡಗಿದಳು. ಪಾಠ ಯೋಜನೆಯ ವಹಿಯಲ್ಲಿ ಒಂದೇ ವಾಕ್ಯವನ್ನು ಪುಟಗಟ್ಟಲೆ ಬರೆದಳು. ಒಂದು ದಿನ ಅವ್ವನನ್ನೇ ನೀನು ಯಾರು ಎಂದು ಕೇಳಿದಳು.

ಓಣಿಯವರು ಗಾಳಿ ಬಡಿದಿದೆ ಎಂದರಂತೆ. ಲಕ್ಷ್ಮಣ ಕೇಳಲಿಲ್ಲ. ಅವರದು ಬೌದ್ಧರ ಮನೆ. ದೆವ್ವ ಭೂತದ ಮಾತು ಹೊಸ್ತಿಲ ಒಳಗೆ ಬರುವಂತಿಲ್ಲ. ನೇರ ಮನೋವೈದ್ಯರ ಹತ್ತಿರ ಕರೆತಂದ. ಆ ವೈದ್ಯರು ಜಾಣರು. ಯಾವ ಔಷಧವನ್ನೂ ಶುರು ಮಾಡುವ ಮೊದಲು ಒಂದು ಇಇಜಿ ಆಗಲಿ ಎಂದು ನಮ್ಮಲ್ಲಿಗೆ ಕಳಿಸಿದರು.

ಅಂದು ಅವಳ ತಲೆಗೆ ತಂತಿ ಅಂಟಿಸಲು ಒಂದು ಗಂಟೆ ಹಿಡಿಯಿತು. ಅಂಟಿಸಿದ್ದನ್ನು ಕೀಳುತ್ತಿದ್ದಳು. ಲಕ್ಷ್ಮಣ ಅವಳ ಕೈ ಹಿಡಿದುಕೊಂಡು, ತನ್ನ ಲೈನಿನ ಊರುಗಳನ್ನು ಮೆಲ್ಲಗೆ ಹೇಳುತ್ತ ಕೂತ: ಮಹಾಗಾಂವ, ಓಕಳಿ, ಡೊಂಗರಗಾಂವ. ಚಿಕ್ಕವಳಿದ್ದಾಗ ಹಾಗೆ ಹೇಳಿದರೆ ಮಲಗುತ್ತಿದ್ದಳಂತೆ. ಸ್ವಲ್ಪ ಸುಮ್ಮನಾದಳು. ಆದರೆ ತುಟಿ, ನಾಲಿಗೆ, ದವಡೆ ಮಾತ್ರ ನಿಲ್ಲಲಿಲ್ಲ. ಏನನ್ನೋ ಅಗಿಯುವ ಹಾಗೆ ಆಡುತ್ತಲೇ ಇದ್ದವು.

ನಾನು ಮುಖ ನೋಡಿದೆ, ಆಮೇಲೆ ಕಂಪ್ಯೂಟರಿನ ತೆರೆ ನೋಡಿದೆ. ದೊಡ್ಡ ನಿಧಾನದ ಅಲೆಗಳು, ಅವುಗಳ ಬೆನ್ನ ಮೇಲೆ ಸಣ್ಣ ಚೂಪು ಅಲೆಗಳ ಗುಂಪು. ಬಾಯಿ ಆಡುತ್ತಿದೆ, ಸ್ನಾಯುವಿನ ಕಸ. ಒಂದು ಕ್ಷಣವೂ ಯೋಚಿಸದೆ ಅಂಕಿಯನ್ನು ಹದಿನೈದಕ್ಕೆ ಇಳಿಸಿದೆ. ಸ್ವಚ್ಛವಾಯಿತು. ಹಾಗೆಯೇ ಸಾಹೇಬರಿಗೆ ತೋರಿಸಿದೆ.

ಮಿದುಳು ನಿಧಾನವಾಗಿದೆ, ಕಾರಣ ಸ್ಪಷ್ಟವಿಲ್ಲ ಎಂದು ಅವರು ಬರೆದರು. ಇದ್ದ ದಾಖಲೆಗೆ ಅದಕ್ಕಿಂತ ಹೆಚ್ಚು ಯಾರಿಗೂ ಬರೆಯಲಾಗುತ್ತಿರಲಿಲ್ಲ. ಅವಳನ್ನು ಮನೋವೈದ್ಯ ವಿಭಾಗದಲ್ಲಿ ಸೇರಿಸಿಕೊಂಡು ಔಷಧ ಶುರು ಮಾಡಿದರು.

ಹನ್ನೆರಡು ದಿನದ ಮೇಲೆ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳನ್ನು ಸ್ಟ್ರೆಚರಿನ ಮೇಲೆ ತಂದರು. ನನಗೆ ಗುರುತೇ ಹತ್ತಲಿಲ್ಲ. ಕಣ್ಣು ತೆರೆದಿದ್ದವು, ನೋಟವಿರಲಿಲ್ಲ. ಕೈ ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಎರಡು ಸಲ ಅಪಸ್ಮಾರ ಬಂದಿತ್ತೆಂದು, ಅದಕ್ಕೆ ಔಷಧ ಕೊಟ್ಟಿದೆ ಎಂದು ಚೀಟಿಯಲ್ಲಿತ್ತು. ಲಕ್ಷ್ಮಣ ಬಾಗಿಲ ಬಳಿ ನಿಂತು ನನಗೆ ಒಂದೇ ಮಾತು ಹೇಳಿದ: "ಮೇಡಂ, ತಂತಿ ಎಲ್ಲೋ ಒಂದು ಕಡಿ ತುಂಡಾಗ್ಯಾದ ರೀ. ಕಂಬ ಕಂಬ ಹತ್ತಿ ನೋಡಿದ್ರ ಸಿಕ್ಕೇ ಸಿಗ್ತದ. ನೋಡ್ರಿ."

ಯಂತ್ರ ಹಚ್ಚಿದೆ. ಅದೇ ದೊಡ್ಡ ಅಲೆ, ಅದರ ಬೆನ್ನ ಮೇಲೆ ಅದೇ ಸಣ್ಣ ಅಲೆಗಳ ಗುಂಪು, ಬ್ರಷ್ಷಿನ ಕೂದಲು ಎದ್ದು ನಿಂತ ಹಾಗೆ. ಕೈ ತಾನಾಗಿಯೇ ಫಿಲ್ಟರಿನ ಕಡೆ ಹೋಯಿತು. ರೂಢಿಯಂತೆ ಮುಖ ನೋಡಿದೆ. ಬಾಯಿ ಆಡುತ್ತಿರಲಿಲ್ಲ.

ಅವಳ ಕೆನ್ನೆಯ ಮೇಲೆ ಎರಡು ಬೆರಳಿಟ್ಟೆ. ಸ್ನಾಯು ಮೆತ್ತಗಿತ್ತು, ಸಡಿಲವಾಗಿತ್ತು. ಕೂಲರ್ ಆರಿಸಿದೆ. ತಂತಿಗಳನ್ನು ಕಿತ್ತು ಮತ್ತೆ ಅಂಟಿಸಿದೆ. ಆ ಸಣ್ಣ ಅಲೆಗಳು ಹೋಗಲಿಲ್ಲ. ಅವು ಬಾಯಿಯಿಂದ ಬಂದವಲ್ಲ, ಮಿದುಳಿನಿಂದಲೇ ಬಂದವು.

ಆಗ ನನಗೆ ಹಿಂದಿನ ದಾಖಲೆ ನೆನಪಾಯಿತು. ಕಾಗದದ ಕಾಲದಲ್ಲಾಗಿದ್ದರೆ ಅಳಿಸಿದ್ದು ಅಳಿಸಿಯೇ ಹೋಗುತ್ತಿತ್ತು. ಕಂಪ್ಯೂಟರ್ ಹಾಗಲ್ಲ, ಮೂಲವನ್ನು ಇಟ್ಟುಕೊಂಡಿರುತ್ತದೆ. ಫಿಲ್ಟರ್ ನಾವು ನೋಡುವಾಗ ಹಾಕಿಕೊಳ್ಳುವ ಕನ್ನಡಕವಷ್ಟೆ. ಹನ್ನೆರಡು ದಿನದ ಹಿಂದಿನ ಕಡತ ತೆರೆದು ಅಂಕಿಯನ್ನು ಎಪ್ಪತ್ತಕ್ಕೆ ಏರಿಸಿದೆ. ಅಲ್ಲಿಯೂ ಅವೇ ಇದ್ದವು. ಪುಟ ಪುಟಕ್ಕೂ ಇದ್ದವು.

ಹಳೆಯ ಕಡತ ಮುಚ್ಚಿದೆ. ಹೊಸದನ್ನು ತೋರಿಸಿದರೆ ಸಾಕಲ್ಲ, ಹಳೆಯದು ಯಾಕೆ ಎಂದು ಮನಸ್ಸು ಹೇಳಿತು. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ದಾಖಲೆಯನ್ನು ಸಾಹೇಬರು ನೋಡಿದರು. ಬೆರಳಿನಿಂದ ಆ ಸಣ್ಣ ಅಲೆಗಳನ್ನು ಮುಟ್ಟಿದರು. ಅಪಸ್ಮಾರಕ್ಕೆ ಕೊಟ್ಟ ಔಷಧದಿಂದಲೂ ಇಂಥ ವೇಗದ ಅಲೆ ಬರುತ್ತದೆ, ಇದನ್ನು ನಂಬಿಕೊಂಡು ಏನೂ ಹೇಳಲಾಗದು ಎಂದರು. ಔಷಧ ಕೊಡುವ ಮೊದಲಿನದು ಒಂದಿತ್ತಲ್ಲ, ಅದರಲ್ಲಿ ಇರಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಪೆನ್ನು ತೆಗೆದರು.

ಅವರು ಬರೆಯಲು ಶುರು ಮಾಡುವಷ್ಟರಲ್ಲಿ ನಾನು ಹೇಳಿದೆ. "ಸರ್, ಇದ್ದವು ರೀ. ನಾನ ಅಳಿಸೀನಿ."

ಅವರು ಪೆನ್ನು ಕೆಳಗಿಟ್ಟರು. ನಾನು ಎಲ್ಲ ಹೇಳಿದೆ: ಬಾಯಿ ಆಡುತ್ತಿದ್ದದ್ದು, ಫಿಲ್ಟರ್ ಹಾಕಿದ್ದು, ಈಗ ತಾನೇ ತೆಗೆದು ನೋಡಿದ್ದು, ನೋಡಿ ಮುಚ್ಚಿದ್ದು. ಅವರು ಎದ್ದು ನನ್ನ ಕೋಣೆಗೆ ನಡೆದರು. ತಾವೇ ಕಡತ ತೆರೆದರು. ಒಂದೊಂದೇ ಪುಟ ಸರಿಸುತ್ತ ಕೊನೆಯವರೆಗೂ ಹೋಗಿ ಮತ್ತೆ ಮೊದಲಿಗೆ ಬಂದರು. ನಾನು ಗೋಡೆಗೆ ಆತು ನಿಂತಿದ್ದೆ. ಬೈದರೆ ಬೈಯಲಿ, ಕೆಲಸ ಹೋದರೆ ಹೋಗಲಿ ಎನ್ನಿಸಿತ್ತು.

"ಸುವರ್ಣಾಬಾಯಿ, ನಂದೂರಿನ ಮೈಲಾರಿ ನೆನಪದಾನೇನ್ರಿ?" ಎಂದರು ತೆರೆಯ ಮೇಲಿನ ಕಣ್ಣು ತೆಗೆಯದೆ. "ಅವಂದು ದರವಾಜಾ ಔಷಧ ಮುಚ್ಚಿತ್ತು, ಒಂದು ತಾಸು. ಈ ಹುಡುಗಿದು ಯಾರು ಮುಚ್ಚ್ಯಾರ? ಔಷಧಕ್ಕಿಂತ ಮೊದ್ಲ ಮುಚ್ಚ್ಯದ ಅಂದ್ರ, ಅಕಿ ಮೈಯೇ ಮುಚ್ಚ್ಯದ."

ಆ ಕಾಯಿಲೆಯ ಬಗ್ಗೆ ಅವರು ಓದಿದ್ದರು, ಕಂಡಿರಲಿಲ್ಲ. ದೊಡ್ಡ ಅಲೆಯ ಬೆನ್ನ ಮೇಲೆ ಬ್ರಷ್ಷಿನ ಹಾಗೆ ನಿಲ್ಲುವ ಸಣ್ಣ ಅಲೆಗಳು ಅದರ ಗುರುತುಗಳಲ್ಲಿ ಒಂದಂತೆ. ಸೋಂಕಿನೊಡನೆ ಹೋರಾಡಬೇಕಾದ ದೇಹದ ಪ್ರತಿಕಾಯಗಳು ದಾರಿ ತಪ್ಪಿ ಮಿದುಳಿನ ಎನ್‌ಎಂಡಿಎ ಬಾಗಿಲುಗಳಿಗೆ ಅಂಟಿಕೊಂಡು, ಅವುಗಳನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಮೊದಲು ಹುಚ್ಚಿನಂತೆ ಕಾಣುತ್ತದೆ, ಆಮೇಲೆ ಬಾಯಿ ಆಡುವುದು, ಅಪಸ್ಮಾರ, ಕಲ್ಲಾಗುವುದು. ಉಸಿರು ನಿಲ್ಲುವವರೆಗೂ ಹೋಗಬಹುದು. ಗುರುತಿಸಿದರೆ ಬಹಳ ಜನ ತಿರುಗಿ ಬರುತ್ತಾರೆ.

ಅಂದೇ ಬೆನ್ನುಹುರಿಯ ನೀರು ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ವರದಿಗೆ ಕಾಯದೆ ಸ್ಟೀರಾಯ್ಡ್ ಶುರು ಮಾಡಿದರು. ಹರೆಯದ ಹೆಣ್ಣುಮಕ್ಕಳಲ್ಲಿ ಇದರ ಬೇರು ಕೆಲವೊಮ್ಮೆ ಅಂಡಾಶಯದಲ್ಲಿರುತ್ತದೆ ಎಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಎಡಗಡೆ ನಿಂಬೆಹಣ್ಣಿನಷ್ಟು ಒಂದು ಗಂಟು ಸಿಕ್ಕಿತು. ಅಂಥ ಗಂಟಿನಲ್ಲಿ ಕೂದಲು, ಹಲ್ಲು, ಕೆಲವೊಮ್ಮೆ ನರದ ಅಂಶವೂ ಬೆಳೆಯುತ್ತದಂತೆ. ದೇಹ ಆ ನರದ ಅಂಶವನ್ನು ವೈರಿ ಎಂದುಕೊಂಡು ಹೋರಾಡಲು ಹೊರಟು, ಮಿದುಳಿನಲ್ಲಿರುವ ಅದೇ ಹೋಲಿಕೆಯ ಬಾಗಿಲುಗಳ ಮೇಲೂ ಬಿದ್ದಿತ್ತು.

ಲಕ್ಷ್ಮಣನಿಗೆ ಇದನ್ನೆಲ್ಲ ಸಾಹೇಬರೇ ಕೂರಿಸಿ ಹೇಳಿದರು. ಅವನು ಕೇಳಿ, ಹಾಗಾದರೆ ತಂತಿ ತುಂಡಾಗಿಲ್ಲ, ಸಿಕ್ಕಾಗಿದೆ ಅಷ್ಟೇ ಅಲ್ಲವೇ ಎಂದು ಕೇಳಿದ. ಹೌದು ಎಂದರು. ಅವನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತು ಅತ್ತ. ಅಷ್ಟು ದಿನದಲ್ಲಿ ಅವನು ಅತ್ತದ್ದು ಅದೊಂದೇ ಸಲ ಎಂದು ಶಾಂತಾಬಾಯಿ ಆಮೇಲೆ ಹೇಳಿದಳು.

ಗಂಟು ತೆಗೆದರು. ಬೆಂಗಳೂರಿನ ವರದಿಯೂ ಹೌದೆಂದಿತು. ಆದರೆ ನಾವು ಅಂದುಕೊಂಡ ಹಾಗೆ ಹುಡುಗಿ ಮರುದಿನ ಎದ್ದು ಕೂರಲಿಲ್ಲ. ಒಂದು ವಾರ, ಎರಡು ವಾರ, ಮೂರು. ನಾನು ದಿನಾ ಕೆಲಸ ಮುಗಿಸಿ ವಾರ್ಡಿಗೆ ಹೋಗಿ ನೋಡಿ ಬರುತ್ತಿದ್ದೆ. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಶಾಂತಾಬಾಯಿ ಮಗಳ ತಲೆ ಬಾಚುತ್ತಿದ್ದಳು. ನಮ್ಮ ಪೇಸ್ಟ್ ಒಣಗಿ ಕೂದಲು ಜಡೆಗಟ್ಟಿತ್ತು. ನನ್ನದೇ ತಪ್ಪೆಂಬಂತೆ ನಾನು ಬಿಸಿ ನೀರು, ಬಟ್ಟೆ ಹಿಡಿದು ಒರೆಸುತ್ತಿದ್ದೆ.

"ಅವ್ವಾ, ಮೆಲ್ಲಗ ಬಾಚ. ನೋಯ್ತದ."

ಶಾಂತಾಬಾಯಿಯ ಕೈಯಿಂದ ಹಣಿಗೆ ಬಿತ್ತು. ಅವಳು ಹಣಿಗೆ ಎತ್ತಿಕೊಂಡು ಮೆಲ್ಲಗೆ, ಬಹಳ ಮೆಲ್ಲಗೆ ಬಾಚತೊಡಗಿದಳು. ನಾನು ಮಾತ್ರ ನೀರಿನ ಬಟ್ಟಲನ್ನು ಅಲ್ಲೇ ಬಿಟ್ಟು ವರಾಂಡದುದ್ದಕ್ಕೂ ಓಡಿದೆ. ಸಾಹೇಬರು ಊಟಕ್ಕೆ ಕೂತಿದ್ದರು. ನನ್ನ ಮುಖ ನೋಡಿದವರೇ ಡಬ್ಬಿ ಮುಚ್ಚಿ ಎದ್ದರು.

ಆ ಮೇಲಿನ ವಾರಗಳು ನನ್ನ ನೌಕರಿಯ ಅತ್ಯಂತ ಸುಖದ ವಾರಗಳು. ಕಾಯಿಲೆ ಬಂದ ದಾರಿಯಲ್ಲೇ ಹಿಂದೆ ಹಿಂದೆ ಸರಿದು ಹೋಯಿತು. ಕಲ್ಲು ಕರಗಿತು. ಬಾಯಿ ಆಡುವುದು ಕೆಲ ದಿನ ತಿರುಗಿ ಬಂದು ನಿಂತಿತು. ನಡುವೆ ಒಂದು ವಾರ ಸಂಕೋಚವೆಂಬುದೇ ಅವಳಿಗಿರಲಿಲ್ಲ. ಯೂನುಸ್ ಸಾಹೇಬರ ಗಡ್ಡಕ್ಕೆ ಬಣ್ಣ ಸರಿಯಾಗಿ ಹತ್ತಿಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟಳು. ಅವರು ಕನ್ನಡಿಯಲ್ಲಿ ನೋಡಿಕೊಂಡು, ಹುಡುಗಿ ಹೇಳಿದ್ದು ಖರೇ ಎಂದರು. ಹಸಿವು ಎಂಥದು ಎಂದರೆ ಬೆಳಗಿನಿಂದ ಸಂಜೆಯತನಕ ಜೋಳದ ರೊಟ್ಟಿ, ಪುಂಡಿಪಲ್ಯ, ಅವ್ವ ತಂದ ಬಾಳೆಹಣ್ಣು. ಆಚೆ ಮಂಚದವರ ತಾಟಿನ ಮೇಲೂ ಕಣ್ಣು. ಇವಳಿಗೆ ನೀಡಿಯೇ ಉಳಿದ ರೋಗಿಗಳು ಅರ್ಧ ಗುಣವಾದರು.

ಕೊನೆಯ ಇಇಜಿ ಮಾಡಿದ ದಿನ ನಾನು ಫಿಲ್ಟರಿನ ಗುಂಡಿ ಮುಟ್ಟಲಿಲ್ಲ. ದೊಡ್ಡ ಅಲೆ ಇಲ್ಲ, ಅದರ ಬೆನ್ನ ಮೇಲಿನ ಬ್ರಷ್ಷೂ ಇಲ್ಲ. ಹೊರಗಿನ ಕಾಗೆಯ ಸದ್ದಿಗೆ ಅವಳು ಕಣ್ಣು ಪಿಳುಕಿಸಿದ್ದು ಕೂಡ ದಾಖಲೆಯಲ್ಲಿತ್ತು. ಅದನ್ನು ಹಾಗೆಯೇ ಬಿಟ್ಟೆ. ಮರುದಿನ ಸಾಹೇಬರು ಮೋಮಿನಪುರದಿಂದ ದೊಡ್ಡ ಪಾತ್ರೆಯಲ್ಲಿ ಮಾಂಸದ ತಹರಿ ಅನ್ನ ತಂದರು. ನನಗೆಂದು ಕಾಯಿಪಲ್ಯದ್ದು ಬೇರೆ ಮಾಡಿಸಿದ್ದರು. ಇಇಜಿ ಕೋಣೆಯ ನೆಲದ ಮೇಲೆ ಪೇಪರ್ ಹಾಸಿ, ಆ ಮನೆಯ ಮೂವರೂ ನಾವೂ ಕೂತು ಉಂಡೆವು.

ನನ್ನ ತಪ್ಪನ್ನು ಸಾಹೇಬರು ಮುಚ್ಚಿಡಲಿಲ್ಲ. ನನ್ನ ಒಪ್ಪಿಗೆ ಕೇಳಿ, ವೈದ್ಯರ ಸಭೆಯಲ್ಲಿ ಎರಡೂ ದಾಖಲೆಗಳನ್ನು ಪಕ್ಕ ಪಕ್ಕ ತೋರಿಸಿದರು. ಫಿಲ್ಟರ್ ಹಾಕಿದ್ದು ತಂತ್ರಜ್ಞೆ ಇರಬಹುದು, ಹಾಕಿದೆಯೇ ಎಂದು ನೋಡದೆ ಓದಿದವನು ನಾನು ಎಂದರು. ಮೂಲೆಯಲ್ಲಿ ಬರೆದಿದ್ದ ಹದಿನೈದು ಎಂಬ ಅಂಕಿ ಅವರ ಕಣ್ಣಿಗೂ ಬಿದ್ದಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ನಿಯಮವಾಯಿತು: ಮೊದಲ ಹತ್ತು ನಿಮಿಷ ಏನನ್ನೂ ತೊಳೆಯದೆ ದಾಖಲಿಸಬೇಕು. ಹೊಸಬರು ನನ್ನ ದಾಖಲೆಗಳನ್ನು ಈಗ ನೋಡಿದರೆ ಇಷ್ಟು ಗಲೀಜೇ ಎನ್ನುತ್ತಾರೆ. ಇರಲಿ. ಮುಖ ನೋಡಿ ಕಾಗದ ನೋಡಿ ಎಂಬ ಪಾಠ ಸುಳ್ಳಲ್ಲ. ಆದರೆ ಮುಖ ನೋಡಿದ ಕೂಡಲೇ ಎಲ್ಲ ತಿಳಿಯಿತು ಎಂದುಕೊಳ್ಳಬೇಡಿ. ಆಡುವ ಬಾಯಿಯ ಹಿಂದೆ ಎಲೆ-ಅಡಿಕೆಯೂ ಇರಬಹುದು, ಬೇರೆಯದೂ ಇರಬಹುದು.

ಸುಜಾತಾ ಒಂದು ವರ್ಷ ತಡವಾಗಿ ಬಿ.ಎಡ್. ಮುಗಿಸಿದಳು. ಈಗ ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಾಳೆ. ಕಾಯಿಲೆಯ ಆ ಎರಡು ತಿಂಗಳು ಅವಳಿಗೆ ಒಂದಿಷ್ಟೂ ನೆನಪಿಲ್ಲ. ನೆನಪು ಕಟ್ಟುವ ಬಾಗಿಲುಗಳೇ ಕೆಲಸ ಬಿಟ್ಟಿದ್ದವಲ್ಲ. ತಪಾಸಣೆಗೆಂದು ಬಂದಾಗಲೆಲ್ಲ ನನ್ನ ಕೋಣೆಗೆ ಬಂದು, ಆ ದಿನಗಳಲ್ಲಿ ಒಂದು ದಿನದ ಕತೆ ಹೇಳಿಸಿಕೊಂಡು ಹೋಗುತ್ತಿದ್ದಳು. ಗಡ್ಡದ ಬಣ್ಣದ ಕತೆ ಕೇಳಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಮೊದಲ ದಿನದ್ದನ್ನು ಮಾತ್ರ ನಾನು ಹೇಳಿರಲಿಲ್ಲ. ವೈದ್ಯರ ಸಭೆಗೆ ಹೇಳಿದ್ದೆ, ಅವಳಿಗೆ ಹೇಳುವ ಧೈರ್ಯ ಬಂದಿರಲಿಲ್ಲ.

ನಿವೃತ್ತಳಾದ ವರ್ಷ ಅವಳೇ ಶಾಲೆಗೆ ಕರೆದಳು. ಕಮಲಾಪುರಕ್ಕೆ ಬಸ್ಸಿನಲ್ಲಿ ಹೋದೆ. ಮಕ್ಕಳಿಗೆ ಮಿದುಳಿನ ಅಲೆಗಳ ಬಗ್ಗೆ ಗೊತ್ತಿದ್ದಷ್ಟು ಹೇಳಿದೆ; ನನ್ನ ತಲೆಗೂ ಕರೆಂಟ್ ಕೊಡಿ ಎಂದು ಅರ್ಧ ಕ್ಲಾಸು ಎದ್ದು ನಿಂತಿತು.

ಬಿಡುವಿನಲ್ಲಿ ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಾಗ ಹೇಳಿಬಿಟ್ಟೆ. ಫಿಲ್ಟರ್, ಹನ್ನೆರಡು ದಿನ, ಕಡತ ತೆರೆದು ಮುಚ್ಚಿದ್ದು. ಸುಜಾತಾ ಉತ್ತರಪತ್ರಿಕೆ ತಿದ್ದುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಕೆಂಪು ಪೆನ್ನಿನ ಟೊಪ್ಪಿಗೆ ಹಾಕಿದಳು, ತೆಗೆದಳು.

"ಅಪ್ಪಗ ಇದು ಗೊತ್ತದೇನ್ರಿ?"

ಗೊತ್ತು ಎಂದೆ. ಅವನಿಗೆ ಸಾಹೇಬರ ಮುಂದೆಯೇ ಹೇಳಿದ್ದೆ. ತಾನೂ ಒಮ್ಮೆ ತಪ್ಪು ಲೈನಿನ ಫ್ಯೂಸ್ ತೆಗೆದು ಒಂದು ಊರನ್ನೇ ಕತ್ತಲಲ್ಲಿ ಇಟ್ಟಿದ್ದೆ ಎಂದಷ್ಟೇ ಅವನು ಹೇಳಿದ್ದ.

ಸುಜಾತಾ ನಕ್ಕಳು. ಇಷ್ಟು ವರ್ಷ ಇಬ್ಬರೂ ಕೂಡಿ ತನ್ನಿಂದ ಮುಚ್ಚಿಟ್ಟಿರಾ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಗುಣವಾಗುವ ಮೊದಲಿನದೂ ಇನ್ನೂ ಬಹಳಷ್ಟಿದೆ, ಬೇಕಾದರೆ ಇಂದು ಎಲ್ಲ ಹೇಳಿಬಿಡುತ್ತೇನೆ, ನನಗೂ ವಯಸ್ಸಾಯಿತು ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಸೀಮೆಸುಣ್ಣದ ಡಬ್ಬಿ, ಹಾಜರಿ ಪುಸ್ತಕ ಎತ್ತಿಕೊಂಡು ನಿಂತಳು.

"ಉಳದದ್ದು ನಿಮ್ಮ ಕಡೀನ ಇರ್ಲಿ ರೀ ಮೇಡಂ. ನನಗ ಈಗ ಒಂಬತ್ತನೇ ಕ್ಲಾಸ್ ಅದ."

ಹೋದಳು. ನಾನು ಚಹಾ ಮುಗಿಸುತ್ತ ಕೂತೆ. ಗೋಡೆಯ ಆಚೆ ಮಕ್ಕಳೆಲ್ಲ ಎದ್ದು ನಮಸ್ಕಾರ ಹೇಳಿದ್ದು ಕೇಳಿಸಿತು, ಅವಳು ಏನೋ ಅಂದಳು, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಏನು ಅಂದಳೆಂದು ಕೇಳಿಸಲಿಲ್ಲ. ಮತ್ತೆ ಅಂದಾಳೆಂದು ಕಿವಿಗೊಟ್ಟು ಕೂತೇ ಇದ್ದೆ, ಕಲಬುರಗಿಯ ಬಸ್ಸು ಹೋಗಿಬಿಟ್ಟಿತು.